ಏಳನೆಯ ಅಂಗಿ

ಕಳೆದ ವಾರ ನಮ್ಮ ಪ್ರಯೋಗಾಲಯದ ಪರದೆಯ ಮೇಲೆ ಒಂದು ತಾಮ್ರದ ಜಾಲರಿಯ ಚಿತ್ರ ಮೂಡಿತು. ಕುಂಕುಮದ ಬೊಟ್ಟಿನಷ್ಟಗಲದ ಚೂರು ಅದು. ಬರಿಗಣ್ಣಿಗೆ ತಗಡಿನಂತೆ ಕಂಡರೂ ಒಳಗೆ ಸಾವಿರಾರು ಕಿಂಡಿಗಳಿರುತ್ತವೆ. ಹೊಸ ಸೂಕ್ಷ್ಮದರ್ಶಕ ಸರಿಯಾಗಿ ನೋಡುತ್ತಿದೆಯೇ ಎಂದು ತಿಳಿಯಲು ಮೊದಲು ಅದನ್ನೇ ಇಟ್ಟು ನೋಡುವುದು ರೂಢಿ. ಚಿತ್ರದಲ್ಲಿ ಒಂದು ಎಳೆ ತುಂಡಾಗಿತ್ತು. ಪಕ್ಕದಲ್ಲಿದ್ದ ವಿದ್ಯಾರ್ಥಿನಿ, "ತಯಾರಿಸುವಾಗಲೇ ತುಂಡಾಗಿರಬೇಕು ಮೇಡಂ" ಎಂದಳು. "ಇಲ್ಲಮ್ಮಾ, ತುದಿ ನೋಡು. ಎರಡೂ ಕೆಳಕ್ಕೆ ಬಾಗಿವೆ. ಯಾರೋ ಚಿಮಟದಲ್ಲಿ ಹಿಡಿದು ಜಗ್ಗಿದ್ದಾರೆ" ಎಂದೆ. ಹೇಳಿದ ಮೇಲೆ ಮೈ ಜುಂ ಎಂದಿತು. ಆ ಮಾತು ನನ್ನದಲ್ಲ. ಗಾಳಿ ತೆಗೆಯುವ ಪಂಪಿನ ಎಣ್ಣೆಯ ವಾಸನೆ ತುಂಬಿದ ಆ ಕೋಣೆಯಲ್ಲಿ ನನ್ನ ಮೂಗಿಗೆ ಜೇನುಮೇಣದ ವಾಸನೆ ಬಂದ ಹಾಗಾಯಿತು... ದಾರಕ್ಕೆ ತಿಕ್ಕುವ ಮೇಣದ ವಾಸನೆ.

ಜಹೀರಾಬಾದಿನಲ್ಲಿ ನಮ್ಮ ಮನೆಯ ಹಿಂದಿನ ಗಲ್ಲಿಯಲ್ಲಿ ಒಬ್ಬ ರಫೂಗಾರರಿದ್ದರು. ಹರಿದ ಬಟ್ಟೆಗೆ ತೇಪೆ ಹಾಕುವವರಲ್ಲ ಅವರು. ಹರಿದ ಜಾಗದಲ್ಲಿ ಅದೇ ಬಟ್ಟೆಯ ಎಳೆ ತೆಗೆದು, ಸೂಜಿಯಿಂದಲೇ ಹೊಸದಾಗಿ ನೇಯ್ದು, ಹರಿದದ್ದೇ ಸುಳ್ಳು ಎನ್ನುವ ಹಾಗೆ ಮಾಡಿ ಕೊಡುವವರು. ಹಿಂದೂ ಮುಸ್ಲಿಂ ಎನ್ನದೆ ಊರಿಗೆಲ್ಲ ಅವರು ಚಾಚಾ. ಅರವತ್ತು ದಾಟಿತ್ತು. ಎಡಗಣ್ಣಿನಲ್ಲಿ ಪೊರೆ ಬಂದಿದ್ದರೂ ಕೆಲಸಕ್ಕೆ ಕೂತಾಗ ಕನ್ನಡಕ ತೆಗೆದಿಡುತ್ತಿದ್ದರು. ಭೂತಗನ್ನಡಿ ಅಂತೂ ಮನೆಯಲ್ಲೇ ಇರಲಿಲ್ಲ. ಯಾಕೆಂದು ಚಿಕ್ಕವಳಿದ್ದಾಗ ಕೇಳಿದ್ದೆ. "ಕನ್ನಡಕ ಎಳಿ ದೊಡ್ಡದು ಮಾಡಿ ತೋರಸ್ತದ ಬೇಟಿ, ಎಳಿ ಎಲ್ಲಿಗಿ ಹೊಂಟದ ಅಂತ ತೋರಸಂಗಿಲ್ಲ" ಎಂದಿದ್ದರು.

ನಮ್ಮ ಯಂತ್ರದಲ್ಲೂ ಭೂತಗನ್ನಡಿ ಇಲ್ಲ ಎಂದರೆ ಚಾಚಾ ನಗುತ್ತಿದ್ದರೇನೋ. ನಾವು ಬಳಸುವುದು ಕಣ್ಣಿಗೆ ಕಾಣದ ಬೆಳಕು, ಅತಿನೇರಳೆಗಿಂತಲೂ ಆಚೆಯದು. ಗಾಜಿನ ಮಸೂರ ಇಟ್ಟರೆ ಅದನ್ನು ನುಂಗಿಬಿಡುತ್ತದೆ, ಗಾಳಿಯೂ ನುಂಗುತ್ತದೆ. ಅದಕ್ಕೇ ಎಲ್ಲವೂ ಗಾಳಿ ತೆಗೆದ ಪೆಟ್ಟಿಗೆಯೊಳಗೆ ನಡೆಯಬೇಕು. ಇಂಥ ಬೆಳಕು ಬೇಕೆಂದರೆ ಹಿಂದೆಲ್ಲ ಊರ ಹೊರಗೆ ಮೈದಾನದಷ್ಟು ದೊಡ್ಡ ಯಂತ್ರ ಕಟ್ಟಬೇಕಿತ್ತು. ಈಗ ಲೇಸರನ್ನು ಒಂದು ಚೂರು ಅನಿಲದ ಮೇಲೆ ಬಿಟ್ಟು ಎರಡು ಮೇಜಿನ ಜಾಗದಲ್ಲೇ ಹುಟ್ಟಿಸುತ್ತೇವೆ. ಆ ಬೆಳಕು ವಸ್ತುವಿಗೆ ತಾಗಿ ಚದುರುತ್ತದೆ. ಕ್ಯಾಮೆರಾಕ್ಕೆ ಸಿಗುವುದು ವಸ್ತುವಿನ ಚಿತ್ರವಲ್ಲ, ಆ ಚದುರಿದ ಚುಕ್ಕಿಗಳು ಮಾತ್ರ. ಅದರಲ್ಲೂ ಅರ್ಧ ಸುದ್ದಿ ದಾರಿಯಲ್ಲೇ ಕಳೆದಿರುತ್ತದೆ: ಎಲ್ಲಿ ಎಷ್ಟು ಹೊಳಪು ಎಂಬುದು ದಾಖಲಾಗುತ್ತದೆ, ಯಾವ ಅಲೆ ಮುಂದೆ ಬಂತು, ಯಾವುದು ಹಿಂದೆ ಬಂತು ಎಂಬುದು ಆಗುವುದಿಲ್ಲ. ಆ ಕಳೆದ ಅರ್ಧವನ್ನು ಗಣಕಯಂತ್ರ ಊಹಿಸಬೇಕು, ತಪ್ಪಿದರೆ ತಿದ್ದಬೇಕು, ಮತ್ತೆ ಊಹಿಸಬೇಕು. ಊಹೆ ದಾರಿ ತಪ್ಪಬಾರದು ಎಂದರೆ ಒಂದೇ ಉಪಾಯ. ಬೆಳಕಿನ ಪ್ರತಿ ಹೊಸ ಬೊಟ್ಟು ಹಿಂದಿನ ಬೊಟ್ಟಿನ ಮೇಲೆ ಅರ್ಧ ಕೂರುವಂತೆ ವಸ್ತುವನ್ನು ಸ್ವಲ್ಪ ಸ್ವಲ್ಪವೇ ಸರಿಸುತ್ತಾ ಹೋಗಬೇಕು. ಇದನ್ನು ನಾನು ಪುಸ್ತಕದಲ್ಲಿ ಓದುವುದಕ್ಕೆ ಮೊದಲೇ ಚಾಚಾನ ಮನೆಯಲ್ಲಿ ನೋಡಿದ್ದೆ. ನೋಡಿದ್ದು ಎಂಥ ದಿನ ಎಂಬುದೇ ಈ ಕಥೆ.

ತೆಲಂಗಾಣ ಚಳವಳಿ ಕಾವೇರಿದ್ದ ಕಾಲ. ನಾನು ಹೈದರಾಬಾದಿನಲ್ಲಿ ಭೌತಶಾಸ್ತ್ರ ಎಂಎಸ್‌ಸಿ ಓದುತ್ತಿದ್ದೆ. ವಿಶ್ವವಿದ್ಯಾಲಯ ಮುಚ್ಚಿದ್ದರಿಂದ ಊರಿಗೆ ಬಂದು ಕೂತಿದ್ದೆ. ವಾರಕ್ಕೆ ಎರಡು ಬಂದ್, ನಡುನಡುವೆ ಹೆದ್ದಾರಿಯ ಮೇಲೆ ಒಲೆ ಹೂಡಿ ಅಡುಗೆ ಮಾಡುವ ಧರಣಿ. ನಮ್ಮಣ್ಣ ಅದರಲ್ಲೆಲ್ಲ ಮುಂದು. ಮಾತಿಗಿಂತ ಮೊದಲು ಮೂಗಿನ ತುದಿಗೆ ಸಿಟ್ಟು ಬರುವ ಆಸಾಮಿ. ಆದರೆ ಆಗಷ್ಟೇ ಅವನಿಗೆ ತಾಂಡೂರಿನ ಕಡೆಯ ಒಂದು ಶಾಲೆಗೆ ಮಾಸ್ತರಿಕೆ ಆಗಿತ್ತು. ಪೊಲೀಸರ ವಿಚಾರಣೆ ಮುಗಿದು ಆರ್ಡರು ಕೈಗೆ ಬರಬೇಕಿತ್ತು. ಅಪ್ಪ ತೀರಿಕೊಂಡು ನಾಲ್ಕು ವರ್ಷ ಆಗಿದ್ದ ನಮ್ಮ ಮನೆಗೆ ಆ ಕಾಗದವೇ ದೇವರು. ಒಂದು ಕೇಸು ಬಿದ್ದರೆ ಅದು ಬರುವುದಿಲ್ಲ ಎಂಬುದು ಎಲ್ಲರಿಗೂ ಗೊತ್ತಿತ್ತು.

ಅಂಥದರಲ್ಲಿ ಕೊಹೀರ್ ಕ್ರಾಸಿನ ಹತ್ತಿರ ತಾಂಡೂರಿಗೆ ಹೊರಟಿದ್ದ ಬಸ್ಸಿನ ಮೇಲೆ ಕಲ್ಲು ಬಿದ್ದವು. ಗಾಜು ಒಡೆದವು, ಜನ ಬಾಗಿಲಿಗೆ ನುಗ್ಗಿ ಸಿಕ್ಕಿಕೊಂಡರು, ಕೆಲವರನ್ನು ಕಿಟಕಿಯಿಂದಲೇ ಇಳಿಸಿದರಂತೆ. ಗಾಯಗೊಂಡವರಲ್ಲಿ ಚಾಚಾನ ಹೆಂಡತಿಯೂ ಒಬ್ಬರು. ತಾಂಡೂರಿನಲ್ಲಿ ಹೆತ್ತಿದ್ದ ಮಗಳನ್ನು ನೋಡಲು ಹೊರಟಿದ್ದ ಚಾಚಿ ಅಂಗೈಗೆ ಗಾಜು ಹೊಕ್ಕು, ಕಟ್ಟು ಕಟ್ಟಿಸಿಕೊಂಡು ಮನೆಗೆ ಬಂದಿದ್ದರು.

ಎರಡು ದಿನ ಬಿಟ್ಟು ಬೆಳಿಗ್ಗೆ ದೊಡ್ಡಪ್ಪ ನಮ್ಮ ಮನೆಗೆ ಬಂದರು. ಬಸ್ಸಿನ ಕಿಟಕಿಯ ಕಬ್ಬಿಣಕ್ಕೆ ಒಂದು ಚೂರು ಬಟ್ಟೆ ಸಿಕ್ಕಿಕೊಂಡಿತ್ತಂತೆ, ನೀಲಿ ಬಿಳಿ ಚೌಕಡಿಯದು. ಪೊಲೀಸರು ಅದನ್ನು ಊರಿನ ದರ್ಜಿಗೆ ತೋರಿಸಿದ್ದರು. ನಮ್ಮಲ್ಲಿ ಮದುವೆ ಎಂದರೆ ಮದುಮಗನ ಓರಗೆಯ ಅಣ್ಣತಮ್ಮಂದಿರಿಗೆಲ್ಲ ಒಂದೇ ಥಾನಿನ ಬಟ್ಟೆಯಿಂದ ಅಂಗಿ ಹೊಲಿಸುವುದು ರೂಢಿ. ನಾರಾಯಣಖೇಡದಲ್ಲಿ ದೊಡ್ಡಪ್ಪನ ಮಗನ ಮದುವೆಗೆ ಹಾಗೆ ಏಳು ಅಂಗಿ ಹೊಲಿಸಿದ್ದೆವು. ದರ್ಜಿ ಗುರುತು ಹಿಡಿದುಬಿಟ್ಟ. ಸಂಜೆ ಐದರೊಳಗೆ ಏಳೂ ಅಂಗಿ ಠಾಣೆಯಲ್ಲಿರಬೇಕು ಎಂದು ಸಾಹೇಬರು ಹೇಳಿಕಳಿಸಿದ್ದರು. ಹರಿದದ್ದು ಯಾರದೋ, ಇಲ್ಲವೇ ತರದವನು ಯಾವನೋ, ಅವನೇ ಕಲ್ಲು ಒಗೆದವನು.

ದೊಡ್ಡಪ್ಪ ಇಷ್ಟು ಹೇಳುವುದರೊಳಗೆ ಅಣ್ಣನ ಕೈ ತಾನಾಗಿ ಬೆನ್ನ ಮೇಲೆ ಹೋಯಿತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರು ಎನ್ನುತ್ತಾರಲ್ಲ, ಅಕ್ಷರಶಃ ಹಾಗೆಯೇ. ಅವ್ವ ಟ್ರಂಕು ತೆಗೆದಳು. ಅಂಗಿಯ ಹಿಂಭಾಗದಲ್ಲಿ, ಹೆಗಲಿನ ಕೆಳಗೆ, ಹೆಬ್ಬೆರಳಿನಷ್ಟಗಲದ ತೂತು.

"ನಾ ಕಲ್ಲು ಒಗದಿಲ್ಲವ್ವ. ಕಿಡಕ್ಯಾಗಿಂದ ಒಬ್ಬ ಮುದುಕಿನ ಇಳಸಿದೆ, ಆವಾಗ ಹರದದ" ಎಂದ ಅಣ್ಣ.

"ಇದನ್ನ ಠಾಣ್ಯಾಗ ಹೇಳು, ಹೂವಿನ ಮಾಲಿ ಹಾಕ್ತಾರ" ಎಂದರು ದೊಡ್ಡಪ್ಪ.

ನಿಜ ಹೇಳಬೇಕೆಂದರೆ ನಾನೂ ನಂಬಲಿಲ್ಲ. ಅವನ ಸಿಟ್ಟು ನನಗೆ ಗೊತ್ತಿತ್ತು. ಮುದುಕಿಯ ಕಥೆ ಆಗಷ್ಟೇ ಹೊಸೆದದ್ದು ಎನಿಸಿತ್ತು.

ಉಳಿದ ದಾರಿ ಒಂದೇ, ಚಾಚಾ. ಆದರೆ ಅವರ ಹೆಂಡತಿಯ ಕೈ ಸೀಳಿದ್ದೇ ಆ ಕಲ್ಲೇಟಿಗೆ ಒಡೆದ ಬಸ್ಸಿನ ಗಾಜು! ಏಳು ಅಂಗಿಯ ಸುದ್ದಿ ಆಗಲೇ ಗಲ್ಲಿಯೆಲ್ಲ ಹಬ್ಬಿತ್ತು. ಅವ್ವ ಅಂಗಿಯನ್ನು ಚೀಲದಲ್ಲಿ ಹಾಕಿ ನನ್ನ ಕೈಗಿಟ್ಟಳು. "ಬೇಲಿ ತಂತಿಗಿ ಸಿಕ್ಕಿ ಹರದದ ಅಂತ ಹೇಳು. ಕೊಟ್ಟು ಬರಬ್ಯಾಡ, ಅಲ್ಲೇ ಕೂಡು. ಚಾಚಾ ಎದ್ದು ಹೊರಗ ಹೊಂಟ್ರ ಓಡಿ ಬಂದು ಹೇಳು" ಎಂದಳು. ನಾನು ಹೋಗಿದ್ದು ರಫೂ ಮಾಡಿಸಲು ಎನ್ನುವುದಕ್ಕಿಂತ ಕಾವಲು ಕೂರಲು.

ಅಂದು ಬಂದ್. ಗಲ್ಲಿಯಲ್ಲಿ ನರಪಿಳ್ಳೆ ಇರಲಿಲ್ಲ. ಚಾಚಾ ಅಂಗಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ಒಮ್ಮೆ ನೋಡಿದರು, ನನ್ನನ್ನು ಒಮ್ಮೆ ನೋಡಿದರು. ಯಾಕೆ ಏನು ಎನ್ನಲಿಲ್ಲ. ಕೆಳ ಅಂಚಿನ ಮಡಿಕೆ ಬಿಚ್ಚಿ ಎಳೆ ತೆಗೆದು, ಮೇಣ ತಿಕ್ಕಿ, ಕೂತರು. ನಾನು ಬಾಗಿಲ ಪಕ್ಕದಲ್ಲಿ, ದಾಟಿ ಹೋಗಬೇಕೆಂದರೆ ನನ್ನ ಕಾಲು ದಾಟಿಯೇ ಹೋಗಬೇಕು ಎಂಬಂತೆ ಕೂತೆ. ಎಂಥ ಜಾಣತನ ನನ್ನದು! ಒಳಮನೆಗೆ ಒಂದು ಪರದೆ ಇತ್ತು. ಅದರಾಚೆ ಚಾಚಿ ಕೂತಿದ್ದರು. ಆಗಾಗ ನರಳುವುದು ಕೇಳುತ್ತಿತ್ತು. ಪ್ರತಿ ಸಲ ಕೇಳಿದಾಗಲೂ ಚಾಚಾನ ಸೂಜಿ ಒಂದು ಗಳಿಗೆ ನಿಲ್ಲುತ್ತಿತ್ತು. ನಾನು ಬಾಗಿಲಿಗೆ ಅಡ್ಡ ಚಾಚಿದ ಕಾಲನ್ನು ಇನ್ನಷ್ಟು ಚಾಚುತ್ತಿದ್ದೆ.

ಹನ್ನೊಂದೂವರೆಗೆ ತೂತು ಮುಚ್ಚಿತು. ನನ್ನ ಬೀಗದ ಕೈ ಗೊಂಚಲಿನಲ್ಲಿ ಒಂದು ಕೆಂಪು ಲೇಸರ್ ಬತ್ತಿ ಇತ್ತು, ಹೈದರಾಬಾದಿನ ಫುಟ್‌ಪಾತಿನಲ್ಲಿ ಕೊಂಡದ್ದು. ತೆಳು ಬಟ್ಟೆಯ ಮೂಲಕ ಅದನ್ನು ಬಿಟ್ಟರೆ ಎದುರು ಗೋಡೆಯ ಮೇಲೆ ಕೆಂಪು ಚುಕ್ಕಿಗಳು ಸಾಲಾಗಿ ಬೀಳುತ್ತವೆ, ಅಡ್ಡ ಒಂದು ಸಾಲು, ಉದ್ದ ಒಂದು ಸಾಲು. ನೇಯ್ಗೆ ಎಷ್ಟು ಒತ್ತಾಗಿರುತ್ತದೋ ಚುಕ್ಕಿಗಳು ಅಷ್ಟು ದೂರ ಸಿಡಿಯುತ್ತವೆ. ಓದಿದವಳಲ್ಲವೇ, ಪರೀಕ್ಷಿಸಲು ಹೋದೆ. ಹರಿಯದ ಗಟ್ಟಿ ಬಟ್ಟೆಯ ಮೇಲೆ ಚುಕ್ಕಿಗಳು ನೆಟ್ಟಗೆ ನಿಂತವು. ರಫೂ ಮಾಡಿದ ಜಾಗಕ್ಕೆ ಬಂದೊಡನೆ ಸಾಲು ಓರೆಯಾಯಿತು, ಚುಕ್ಕಿಗಳು ಕದಡಿದವು.

"ಇಲ್ಲಿ ಬ್ಯಾರೆ ಕಾಣಸ್ತದ್ರಿ ಚಾಚಾ" ಎಂದೆ.

"ಪೊಲೀಸರು ಇಂಥ ಬತ್ತಿ ಇಟಗೊಂಡು ಕುಂತಿರಂಗಿಲ್ಲ" ಎಂದರು. ಪೊಲೀಸ್ ಎಂಬ ಮಾತನ್ನು ನಾನು ಎತ್ತಿರಲಿಲ್ಲ! ಅಂದರೆ ಇವರಿಗೆ ಎಲ್ಲ ಗೊತ್ತಿದೆ.

ಅಷ್ಟರಲ್ಲಿ ಪರದೆಯಾಚೆಯಿಂದ ಚಾಚಿ ಕೂಗಿದರು. ಚಾಚಾ ಅಂಗಿಯನ್ನು ಕೈಯಲ್ಲಿ ಹಿಡಿದೇ ಒಳಗೆ ಹೋದರು. ಪಿಸುಮಾತು. ಬಹಳ ಹೊತ್ತು ಪಿಸುಮಾತು. ಹಿಂಬಾಗಿಲು ಇದ್ದೀತೇ, ಅಂಗಿ ಸಮೇತ ಹೊರಟುಬಿಟ್ಟರೇ ಎಂದು ನಾನು ಎದ್ದು ನಿಂತೆ. ಆಗ ಪರದೆ ಸರಿಯಿತು. ಚಾಚಾ ಹೊರಗೆ ಬಂದು ತಮ್ಮ ಜಾಗದಲ್ಲಿ ಕೂತರು. ಕತ್ತರಿ ಎತ್ತಿಕೊಂಡರು. ಎರಡು ತಾಸು ಕೂತು ನೇಯ್ದದ್ದನ್ನೆಲ್ಲ ಕಚಕಚ ಕತ್ತರಿಸಿ ತೆಗೆದರು. ನನ್ನ ಕಣ್ಣೆದುರೇ ತೂತು ಮತ್ತೆ ಬಾಯಿ ತೆರೆಯಿತು.

"ಚಾಚಾ! ಐದಕ್ಕ ಕೊಡಬೇಕ್ರಿ!" ಎಂದು ಚೀರಿದೆ. ನನಗೆ ಖಾತ್ರಿಯಾಗಿತ್ತು. ಹೆಂಡತಿ ಹೇಳಿಕೊಟ್ಟಿದ್ದಾಳೆ, ಹೊತ್ತು ಕಳೆದು ಹಾಳು ಮಾಡುತ್ತಾರೆ, ಅಣ್ಣನ ಕಥೆ ಮುಗಿಯಿತು.

ಅವರು ಹರಿದ ಅಂಚಿನ ಎಳೆಗಳನ್ನು ಉಗುರಿನಿಂದ ಒಂದೊಂದಾಗಿ ಸವರಿದರು. "ನೋಡು, ಎಳಿ ತುದಿ ಎಲ್ಲಾ ಕೆಳಗ ಜಗ್ಗ್ಯಾವ. ಇದರ ಮ್ಯಾಲ ಭಾಳ ಭಾರ ಬಿದ್ದದ" ಎಂದರು. ಆಮೇಲೆ ನನ್ನ ಮುಖ ನೋಡಿ ಮೆಲ್ಲಗೆ ಕೇಳಿದರು. "ನಿಮ್ಮಣ್ಣ ಏನಂದ? ಹ್ಯಾಂಗ ಹರೀತಂತ?"

"ಬೇಲಿ ತಂತಿಗಿ ಸಿಕ್ಕಿತ್ತಂತ್ರಿ."

"ಬೇಲಿಗಿ...?" ಎಂದರು. ಸ್ವಲ್ಪ ಹೊತ್ತು ಕಾದರು. ನಾನು ನೆಲ ನೋಡುತ್ತಿದ್ದೆ. "ಆತು. ಆ ಬತ್ತಿ ಹಿಡಿ" ಎಂದರು.

ಆಮೇಲಿನ ನಾಲ್ಕು ತಾಸು ನಾನು ಮರೆಯುವ ಹಾಗಿಲ್ಲ. ಅಂಚಿನ ಇನ್ನೊಂದು ಬದಿಯಿಂದ ಹೊಸ ಎಳೆ ತೆಗೆದರು. ಈ ಸಲ ತೂತಿನ ಅಂಚಿನಿಂದ ಶುರು ಮಾಡಲಿಲ್ಲ. ಎರಡು ಬೆರಳು ಹಿಂದೆ ಸರಿದು, ಗಟ್ಟಿ ಬಟ್ಟೆಯಲ್ಲಿ ಸೂಜಿ ಇಳಿಸಿದರು. ನಾಲ್ಕು ಎಳೆ ಹಾಕುವುದು, ಬಟ್ಟೆಯನ್ನು ನನ್ನ ಬತ್ತಿಯ ಮುಂದೆ ಹಿಡಿಯುವುದು, ಗೋಡೆ ನೋಡುವುದು, ತಪ್ಪಿದ್ದರೆ ತೆಗೆಯುವುದು, ಮತ್ತೆ ಹಾಕುವುದು. ನಾನು ಅವಸರದಲ್ಲಿ ಬತ್ತಿಯನ್ನು ನೇರ ತೂತಿನ ನಡುವಿಗೆ ಬಿಟ್ಟರೆ ಗದರಿದರು. "ಅರ್ಧ ಗಟ್ಟಿ ಬಟ್ಟಿ ಮ್ಯಾಲ ಇರಲಿ, ಅರ್ಧ ಹೊಸಾದರ ಮ್ಯಾಲ. ಪೂರಾ ಹೊಸಾದರ ಮ್ಯಾಲ ಇಟ್ರ ಯಾವುದಕ್ಕ ಹೋಲಿಸಿ ನೋಡ್ತಿ?" ಇಂದು ನನ್ನ ವಿದ್ಯಾರ್ಥಿಗಳಿಗೆ ಇದೇ ಮಾತನ್ನು ಗ್ರಾಂಥಿಕ ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಹೇಳುತ್ತೇನೆ. ಇಷ್ಟು ಚೆನ್ನಾಗಿ ಹೇಳಲು ನನಗೆ ಬಂದಿಲ್ಲ.

ಮೂರು ಗಂಟೆಗೆ ಗಲ್ಲಿಯಲ್ಲಿ ಜೀಪು ನಿಂತಿತು. ಒಬ್ಬ ಕಾನ್‌ಸ್ಟೇಬಲ್ ಬಾಗಿಲಿಗೆ ಬಂದ. ಚಾಚಾ ಅಂಗಿಯನ್ನು ಸರಕ್ಕನೆ ತೊಡೆಯ ಕೆಳಗೆ ತಳ್ಳಿ, ಒಂದು ಹಳೆಯ ಶೇರ್ವಾನಿಯನ್ನು ಮಡಿಲಿಗೆ ಎಳೆದುಕೊಂಡರು. ಸೂಜಿ ಇನ್ನೂ ಅಂಗಿಯಲ್ಲೇ ಇತ್ತು. ಅದು ಅವರಿಗೆ ಚುಚ್ಚುತ್ತಿರಬೇಕು. ಬಸ್ಸಿನಲ್ಲಿ ನಿಮ್ಮ ಮನೆಯವರು ಯಾರನ್ನಾದರೂ ಕಂಡರೇ, ಚೌಕಡಿ ಅಂಗಿಯವನು ಯಾರು ಎಂದು ಗೊತ್ತೇ ಎಂದು ಅವನು ಉರ್ದುವಿನಲ್ಲಿ ಕೇಳಿದ. ಒಂದು ಮಾತು ಸಾಕಿತ್ತು. ಚಾಚಾ ತಲೆ ಎತ್ತದೆ, ಅವಳು ಬುರ್ಖಾದಲ್ಲಿದ್ದಳು, ಹೊಗೆ ಧೂಳು, ಏನೂ ಕಂಡಿಲ್ಲ ಎಂದರು. ಪರದೆಯಾಚೆಯಿಂದ ಚಾಚಿಯೂ ಅದನ್ನೇ ಹೇಳಿದರು. ಅವನು ನೀರು ಕೇಳಿ ಕುಡಿದು ಹೋದ.

ಆಗಲೂ ನನ್ನ ಹಾಳು ಮನಸ್ಸು ಏನೆಂದುಕೊಂಡಿತು ಗೊತ್ತೇ? ಹೆದರಿದ್ದಾರೆ, ಊರಿನವರ ಗೊಡವೆ ಬೇಡ ಎಂದು ಸುಮ್ಮನಿದ್ದಾರೆ ಎಂದುಕೊಂಡಿತು. ಮತ್ತೆ ಬತ್ತಿ ಹಿಡಿದೆ; ಗೋಡೆಯ ಮೇಲೆ ಚುಕ್ಕಿಗಳೆಲ್ಲ ಕುಣಿಯುತ್ತಿದ್ದವು.

"ಕೈ ಗಟ್ಟಿ ಹಿಡಿ ಬೇಟಿ. ನಿನ್ನ ಎದಿ ಬಡಿಯೋದು ಗ್ವಾಡಿ ಮ್ಯಾಲ ಕಾಣ್ಲತ್ತದ" ಎಂದರು ಚಾಚಾ.

ನಾಲ್ಕೂ ಇಪ್ಪತ್ತಕ್ಕೆ ಕೊನೆಯ ಎಳೆ ಕೂತಿತು. ಬಟ್ಟೆಯನ್ನು ಈ ತುದಿಯಿಂದ ಆ ತುದಿಗೆ ಸರಿಸಿದರು. ಗೋಡೆಯ ಚುಕ್ಕಿಗಳು ಒಂದು ಕೂದಲೆಳೆಯಷ್ಟೂ ಅಲುಗಲಿಲ್ಲ. ಚಾಚಾ ಬಲಗಣ್ಣನ್ನು ಒರೆಸಿಕೊಂಡರು. ನಾನು ಅಂಗಿ ಕಸಿದುಕೊಂಡವಳಂತೆ ಎತ್ತಿಕೊಂಡು ಓಡಿದೆ. ಬತ್ತಿ ಅಲ್ಲೇ ಉಳಿಯಿತು. ಒಂದು ಮಾತನ್ನೂ ಆಡಿ ಬರಲಿಲ್ಲ.

ಠಾಣೆಯಲ್ಲಿ ಸಾಹೇಬರು ಏಳೂ ಅಂಗಿಗಳನ್ನು ಒಂದೊಂದಾಗಿ ಕಿಟಕಿಗೆ ಹಿಡಿದು ನೋಡಿದರಂತೆ, ಹೆಬ್ಬೆರಳಿನಿಂದ ತಿಕ್ಕಿಯೂ ನೋಡಿದರಂತೆ. ಆಮೇಲೆ ದೊಡ್ಡಪ್ಪನಿಗೆ, ತಗೊಂಡು ಹೋಗಿ ಎಂದರಂತೆ. ತಿಂಗಳೊಳಗೆ ಅಣ್ಣನಿಗೆ ಆರ್ಡರು ಬಂತು. ವಿಶ್ವವಿದ್ಯಾಲಯ ತೆರೆಯಿತು, ನಾನು ಹೈದರಾಬಾದಿಗೆ ಹೋದೆ. ಊರಿಗೆ ಬಂದಾಗ ಚಾಚಾನ ಗಲ್ಲಿ ಬಿಟ್ಟು ಸುತ್ತಿ ಹೋಗುತ್ತಿದ್ದೆ. ಒಮ್ಮೆ ಎದುರಿಗೇ ಸಿಕ್ಕು, "ನಿನ್ನ ಬತ್ತಿ ನನ್ನ ಹತ್ರಾನೇ ಅದ ಬೇಟಿ, ಬಂದು ಒಯ್ಯಿ" ಎಂದರು. ಬರ್ತೀನ್ರಿ ಎಂದೆ. ಹೋಗಲಿಲ್ಲ... ರಾಜ್ಯ ಬೇರೆಯಾಯಿತು, ನನ್ನ ಓದು ಮುಗಿಯಿತು, ಕೆಲಸ ಸಿಕ್ಕಿತು. ಹೋಗಲೇ ಇಲ್ಲ.

ಹೋದ ವರ್ಷ ಚಾಚಾ ತೀರಿಕೊಂಡ ಸುದ್ದಿ ಅವ್ವನಿಂದ ತಿಳಿಯಿತು. ಆಗ ಹೋದೆ. ಸತ್ತ ಮೇಲೆ ಹೋಗಲು ನಮಗೆ ಧೈರ್ಯ ಎಲ್ಲಿಂದ ಬರುತ್ತದೋ. ಚಾಚಿ ನನ್ನನ್ನು ಅದೇ ಕಿಟಕಿಯ ಹತ್ತಿರ ಕೂರಿಸಿದರು. ಒಂದು ಡಬ್ಬಿ ತಂದು ನನ್ನ ಬತ್ತಿಯನ್ನು ಕೈಗಿಟ್ಟರು. ಸೆಲ್ ಮುಗಿದಾಗಲೆಲ್ಲ ಹೊಸದು ಹಾಕಿಸಿ, ಕೊನೆಯವರೆಗೂ ಚಾಚಾ ಪ್ರತಿ ರಫೂವನ್ನೂ ಗೋಡೆಯ ಮೇಲೆ ನೋಡಿಯೇ ಕೊಡುತ್ತಿದ್ದರಂತೆ. ಬತ್ತಿ ಕೊಟ್ಟ ಅಂಗೈಯಲ್ಲಿ ಹಳೆಯ ಗಾಜಿನ ಗೆರೆ ಹಾಗೇ ಇತ್ತು.

"ನಿಮ್ಮಣ್ಣ ಚಂದ ಇದ್ದಾನೇನು?" ಎಂದು ಕೇಳಿದರು. ಇದ್ದಾನೆ ಎಂದೆ. "ಅವನ ಅಂಗಿ ಹರದಾಕಿ ನಾನೇ ಬೇಟಿ" ಎಂದರು.

ನನಗೆ ಅರ್ಥವಾಗಲಿಲ್ಲ.

"ಕಿಡಕ್ಯಾಗಿಂದ ನನ್ನ ಇಳಿಸಿದ್ದು ಅಂವನೇ. ಹೆಗಲ ಮ್ಯಾಲ ಬಿದ್ದು ಬೆನ್ನಿನ ಬಟ್ಟಿ ಗಟ್ಟಿ ಹಿಡದೆ. ಕಬ್ಬಿಣಕ್ಕ ಸಿಕ್ಕು ಹರೀತು. ಅಂವ ಬಾಯಿಗಿ ದಸ್ತಿ ಕಟ್ಟಿದ್ದ, ಮಾರಿ ಕಾಣಲಿಲ್ಲ. ಬುರ್ಖಾದಾಗಿಂದ ನನಗ ಕಂಡಿದ್ದು ಬರೇ ಆ ಚೌಕಡಿ. ಆ ದಿನ ನೀ ಬತ್ತಿ ಬಿಟ್ಟಾಗ ಪರದಿ ಸಂದಿನಾಗ ಅಂಗಿ ನೋಡಿದಾಕಿನೇ ಇವರನ್ನ ಒಳಗ ಕರದು ಹೇಳಿದೆ. ಕೇಳಿ ಅತ್ತುಬಿಟ್ರು. ಸಿಟ್ಟಿನಾಗ ಹ್ಯಾಂಗ್ಯಾಂಗೋ ರಫೂ ಮಾಡೀನಿ, ಈಗ ಬಿಚ್ಚಿ ಮಾಡ್ತೀನಿ ಅಂದ್ರು."

"ನನಗ ಯಾಕ ಹೇಳಲಿಲ್ರಿ ಚಾಚಿ?" ಎಂದೆ.

"ನಾ ಅಂದೆ, ಹುಡುಗಿ ಅಂಜ್ಯಾಳ, ಹೇಳ್ರಿ ಅಂತ. 'ಆಕಿ ನನ್ನ ಕಾಯಾಕ ಬಂದಾಳ, ಕೇಳಾಕ ಬಂದಿಲ್ಲ. ಒಮ್ಮಿ ನಾನೇ ಕೇಳಿ ನೋಡ್ತೀನಿ, ಖರೇ ಹೇಳಿದ್ರ ನಾನೂ ಹೇಳ್ತೀನಿ' ಅಂದ್ರು."

ಹ್ಯಾಂಗ ಹರೀತಂತ ಎಂದು ಅವರು ಕೇಳಿದ್ದರು. ಕಾದಿದ್ದರು. ನಾನು ಬೇಲಿ ಎಂದಿದ್ದೆ.

ಮುದುಕಿಯನ್ನು ಇಳಿಸಿದೆ ಎಂದು ಅಣ್ಣ ಹೇಳಿದ್ದ. ಅದೇ ಬಸ್ಸಿನಿಂದ ಇಳಿದ ಮುದುಕಿ ನನ್ನಿಂದ ಹತ್ತು ಹೆಜ್ಜೆ ದೂರದಲ್ಲಿ ನರಳುತ್ತಿದ್ದಳು. ಎರಡೂ ಚೂರು ನನ್ನ ಕೈಯಲ್ಲೇ ಇದ್ದವು. ಒಂದರ ಮೇಲೊಂದು ಇಟ್ಟು ನೋಡಲಿಲ್ಲ. ಅಣ್ಣನನ್ನೂ ನಂಬಲಿಲ್ಲ, ಚಾಚಾನನ್ನೂ ನಂಬಲಿಲ್ಲ. ಇಂಥವಳು ಈಗ ಕಾಣದ್ದನ್ನು ಕಾಣಿಸುವ ಯಂತ್ರದ ಮುಂದೆ ಕೂತು ಸಂಬಳ ಎಣಿಸುತ್ತೇನೆ. ನಾಚಿಕೆಯಾಗುತ್ತದೆ.

ಜಾಲರಿಯ ಚಿತ್ರ ಬಂದ ದಿನವೇ ಅಣ್ಣನಿಗೆ ಫೋನ್ ಮಾಡಿ ಆ ಅಂಗಿ ತರಿಸಿಕೊಂಡೆ. ಅವನು ಅದನ್ನು ಹೊಟ್ಟೆ ಬಂದ ಮೇಲೂ ಬಿಸಾಕಿರಲಿಲ್ಲ. ಬತ್ತಿಗೆ ಹೊಸ ಸೆಲ್ ಹಾಕಿ, ಪ್ರಯೋಗಾಲಯದ ಬಿಳಿ ಗೋಡೆಗೆ ಬಿಟ್ಟು, ಹೆಗಲಿನ ಕೆಳಗೆ ಇಂಚಿಂಚಾಗಿ ಸರಿಸಿದೆ. ಚುಕ್ಕಿಗಳು ಅಲುಗಲಿಲ್ಲ. ಬಲಗಡೆ ಎಂದು ನನ್ನ ನೆನಪು. ಎಡಗಡೆ ಎನ್ನುತ್ತಾನೆ ಅಣ್ಣ. ಎರಡೂ ಕಡೆ ನೋಡಿದೆ. ಆ ಜಾಗ ನನಗೆ ಸಿಗಲಿಲ್ಲ. ಎಲ್ಲಿದೆ ಎಂದು ಕೇಳಿದ್ದರೆ ಚಾಚಾ ಬೆರಳಿಟ್ಟು ತೋರಿಸುತ್ತಿದ್ದರು... ಕೇಳಲು ಈಗ ಅವರಿಲ್ಲ.